ದಂಡು ಹೊರುವ ತಟ್ಟೆ

ಮೇಜಿನ ಮೇಲಿನ ಯುದ್ಧದಾಟದಲ್ಲಿ ಶತ್ರುವನ್ನು ಸೋಲಿಸುವುದು ಹೇಗೋ ಆದೀತು. ನಮ್ಮವರನ್ನೇ ನಾಲ್ಕು ಅಂಗುಲ ಮುಂದೆ ಸರಿಸುವುದೇ ದೊಡ್ಡ ಪಾಡು. ಐದೈದರಂತೆ ನಾಲ್ಕು ಸಾಲು ಗೊಂಬೆ ಸೈನಿಕರನ್ನು ಒಬ್ಬೊಬ್ಬರಾಗಿ ಎತ್ತಿಟ್ಟು ಸಾಲು ನೇರ ಮಾಡುವಷ್ಟರಲ್ಲಿ ಎದುರಾಳಿಯ ಚಹಾ ಮುಗಿದಿರುತ್ತದೆ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ತನ್ನ ಯುದ್ಧದಾಟ ಪ್ರಕಟಿಸಿದಾಗ ಈ ತಾಪತ್ರಯವಿರಲಿಲ್ಲ. ಅದರಲ್ಲಿ ಇಡೀ ತುಕಡಿಗೆ ಒಂದೇ ತುಂಡು. ನಮಗೆ ಪ್ರತಿಯೊಬ್ಬನಿಗೂ ಮೀಸೆ ಬೇಕು, ಬೆಲ್ಟಿಗೆ ಬೇರೆ ಬಣ್ಣ ಬೇಕು. ಆಮೇಲೆ ಎಲ್ಲರೂ ಒಟ್ಟಿಗೇ ಸಾಗಬೇಕು. ಅದಕ್ಕೇ ಇಡೀ ದಂಡನ್ನು ಹೊತ್ತು ಸರಿಯುವ ಒಂದು ತಟ್ಟೆ ಬೇಕು.

ಹಾಗಂತ ತಟ್ಟೆಗೆ ಅಂಟಿಸುವಂತಿಲ್ಲ. ಸತ್ತವರನ್ನು ಒಬ್ಬೊಬ್ಬರಾಗಿ ತೆಗೆಯಬೇಕಲ್ಲ! ಗಟ್ಟಿಯಾಗಿ ಹಿಡಿದು, ಕೇಳಿದಾಗ ಬಿಡುವ ಗುಣ ಅಯಸ್ಕಾಂತದ್ದು.

ಇಂಥ ತಟ್ಟೆ ಕಾಸರಗೋಡಿನ ಪೇಟೆಯಲ್ಲಿ ಮೂರು ಭಾಷೆಗಳಲ್ಲಿ ಕೇಳಿದರೂ ಸಿಗುವ ಸಾಮಾನಲ್ಲ. ಅದರ ತಳಕ್ಕೆ ಅಯಸ್ಕಾಂತ ಕಚ್ಚುವ ತಗಡು ಹುಡುಕುತ್ತ ನಾನು ಅಯಸ್ಕಾಂತ ಹಿಡಿದು ಅಡುಗೆಮನೆಗೆ ಹೊಕ್ಕೆ. "ಪಾತ್ರೆಗಳಿಗೂ ಜ್ವರ ನೋಡುತ್ತೀಯೇನು?" ಎಂದರು ಅತ್ತಿಗೆ. ಸ್ಟೀಲ್ ತಟ್ಟೆಗಳಲ್ಲಿ ಹಲವಕ್ಕೆ ಅಯಸ್ಕಾಂತ ಹಿಡಿಯುವುದೇ ಇಲ್ಲ. ಒತ್ತಿ ಬಗ್ಗಿಸಿದ ಅಂಚಿನಲ್ಲಿ ಮಾತ್ರ ಕೆಲವೊಮ್ಮೆ ಅರೆಮನಸ್ಸಿನಿಂದ ಕಚ್ಚಿಕೊಳ್ಳುತ್ತದೆ. ಅಲ್ಯೂಮಿನಿಯಂ ಅಂತೂ ಸುಮ್ಮನಿರುತ್ತದೆ. ಕೊನೆಗೆ ಟಕ್ಕೆಂದು ಹಿಡಿದದ್ದು ಬಿಸ್ಕತ್ತಿನ ಹಳೆಯ ಡಬ್ಬದ ಮುಚ್ಚಳ.

ಸೈನಿಕ ನಿಲ್ಲುವ ಚೌಕ ಬಿಲ್ಲೆ 20 ಮಿಲಿಮೀಟರ್. ಐದು ಸೇರಿದರೆ 100 ಎಂದು ಗಣಿತ ಹೇಳುತ್ತದೆ, ಬಣ್ಣದ ಪದರ ಒಪ್ಪುವುದಿಲ್ಲ. ಎರಡು ಮಿಲಿಮೀಟರ್ ಹೆಚ್ಚು ಬಿಟ್ಟು, ಸುತ್ತ ಐಸ್‌ಕ್ರೀಮ್ ಕಡ್ಡಿಯ ಕಟ್ಟೆ ಕಟ್ಟಬೇಕು. ಬಿಲ್ಲೆಯ ಅಡಿಯ ಟೊಳ್ಳಿನಲ್ಲಿ 5 ಮಿಲಿಮೀಟರ್ ಅಗಲದ ನಿಯೋಡಿಮಿಯಂ ಎಂಬ ಬಲವಾದ ಅಯಸ್ಕಾಂತದ ಚಿಕ್ಕೆ ಕೂರುತ್ತದೆ. ಅದು ಅಂಚಿನ ಮಟ್ಟಕ್ಕೇ ಬರಬೇಕು; ಕೂದಲೆಳೆಯಷ್ಟು ಒಳಗೆ ಹೋದರೂ ಹಿಡಿತ ಸಡಿಲ. ಅಡಿಯಲ್ಲಿ ಕಾಗದದ ಚೂರು ಪೇರಿಸಿ ಎತ್ತರಿಸುವುದೇ ಈ ಕೆಲಸದ ನಿಜವಾದ ಸುಖ, ನನಗಂತೂ ಯುದ್ಧಕ್ಕಿಂತ ಹೆಚ್ಚಿನದು. ಉತ್ತರ ಧ್ರುವ ಯಾವ ಕಡೆಗೆ ಎಂಬ ಚಿಂತೆ ಬೇಡ, ಬರಿಯ ತಗಡಿಗೆ ಎರಡೂ ಒಂದೇ. ಕತ್ತರಿಸಿದ ಅಂಚಿಗೆ ಬಣ್ಣ ಬಳಿಯಲೇಬೇಕು, ಇಲ್ಲವಾದರೆ ಕಡಲ ಗಾಳಿಗೆ ತುಕ್ಕು ತಪ್ಪದು.

ಮಿಕ್ಕ ತಗಡನ್ನು ಪೆಟ್ಟಿಗೆಯ ತಳಕ್ಕೂ ಹಾಸಿದ್ದೇನೆ. ಮಂಗಳೂರಿಗೆ ಆಡಲು ಹೋಗುವಾಗ ಬಸ್ ಎಷ್ಟು ಕುಲುಕಿದರೂ ದಂಡು ಕದಲುವುದಿಲ್ಲ. ರಾಜ್ಯದ ಗಡಿಯಲ್ಲಿರುವ ತಲಪಾಡಿಯ ನೂಕುನುಗ್ಗಲಿನಲ್ಲಿ ಬಸ್ ಬದಲಿಸುವಾಗ ಬೀಳುವುದೇನಿದ್ದರೂ ಸೇನಾಪತಿ.