ಬನ್ನಿ ಸಾರ್, ಬಾರೋ ತಾತ

ಈಗಿನ ಮಕ್ಕಳಿಗೆ ದೊಡ್ಡವರನ್ನು ಮಾತಾಡಿಸುವ ರೀತಿಯೇ ಗೊತ್ತಿಲ್ಲ ಅನ್ನುವ ದೂರು ಮದುವೆಮನೆಯ ಊಟದ ಪಂಕ್ತಿಯಿಂದ ಶಾಲೆಯ ಪೋಷಕರ ಸಭೆಯವರೆಗೆ ಎಲ್ಲ ಕಡೆ ಕೇಳಿಬರುತ್ತಿದೆ. ಶುದ್ಧ ಸುಳ್ಳು. ಯಾರಿಗೆ ಎಷ್ಟು ಮರ್ಯಾದೆ ಅಳೆದು ಕೊಡಬೇಕು ಅನ್ನುವುದು ನಮ್ಮ ಮಕ್ಕಳಿಗೆ ಗೊತ್ತಿರುವಷ್ಟು ಕರಾರುವಾಕ್ಕಾಗಿ ಜಮೀನು ಅಳೆಯುವುದು ತಾಲ್ಲೂಕು ಸರ್ವೇಯರಿಗೂ ಗೊತ್ತಿರಲಿಕ್ಕಿಲ್ಲ.

ನಂಬಿಕೆಯಿಲ್ಲದಿದ್ದರೆ ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ, ಶಾಲೆಯ ವ್ಯಾನು ಬರುವ ಹೊತ್ತಿಗೆ ನಿಂತು ನೋಡಿ. ಎರಡನೇ ಕ್ಲಾಸಿನ ಹುಡುಗ ಇಳಿಯುತ್ತಾನೆ. ಎದುರಿಗೆ ನಾಯಿ ಹಿಡಿದುಕೊಂಡು ಬರುತ್ತಿರುವ ಸಾಫ್ಟ್‌ವೇರ್ ಯುವಕನಿಗೆ ಇಪ್ಪತ್ತೈದು ತುಂಬಿದ್ದರೆ ಹೆಚ್ಚು. ಅವನಿಗೆ 'ಹಾಯ್ ಅಂಕಲ್' ಸಲ್ಲುತ್ತದೆ. (ಆ ಯುವಕ ಅಂದು ರಾತ್ರಿ ಕನ್ನಡಿ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾನೋ, ಅದು ಬೇರೆ ಮಾತು.) ಇತ್ತ ಹುಡುಗನ ಬ್ಯಾಗು, ನೀರಿನ ಬಾಟಲಿ ಇಳಿಸಿಕೊಂಡು ನಿಂತಿರುವ ಸೆಕ್ಯುರಿಟಿಯವರಿಗೆ ಅರವತ್ತು ದಾಟಿದೆ. ಯೂನಿಫಾರ್ಮಿನ ಟೋಪಿಯ ಕೆಳಗೆ ಇರುವ ನಾಲ್ಕು ಕೂದಲೂ ಬೆಳ್ಳಗಾಗಿವೆ. ಅವರ ಕಡೆ ತಿರುಗಿ ಹುಡುಗ ಹೇಳುತ್ತಾನೆ: "ಏಯ್, ಗೇಟ್ ತೆಗಿ."

ತಾಯಿ ಸಂಸ್ಕಾರವಂತರು. ಕೂಡಲೇ ತಿದ್ದುತ್ತಾರೆ: "ಪುಟ್ಟಾ, ಹಾಗನ್ನಬಾರದು. ಪ್ಲೀಸ್ ಅನ್ನಬೇಕು."

ಹುಡುಗ ತಿದ್ದಿಕೊಳ್ಳುತ್ತಾನೆ: "ಏಯ್, ಗೇಟ್ ತೆಗಿ, ಪ್ಲೀಸ್."

ತಾಯಿಗೆ ಸಮಾಧಾನವಾಗುತ್ತದೆ. ಗೇಟು ತೆರೆಯುತ್ತದೆ.

ಇದನ್ನು ಯಾವ ಟ್ಯೂಷನ್ನಿನಲ್ಲೂ ಹೇಳಿಕೊಡುವುದಿಲ್ಲ. ಮನೆಯಲ್ಲಿ ನಡುಮನೆಗೂ ಅಡುಗೆಮನೆಗೂ ನಡುವೆ ಓಡಾಡುವ ಮಾತು ಕಿವಿಗೆ ಬಿದ್ದೇ ಮಗು ಇಡೀ ವ್ಯಾಕರಣವನ್ನು ಅರೆದು ಕುಡಿಯುತ್ತದೆ. ಹಾಲಿನವನು ಬಂದ. ಪೇಪರಿನವನು ಇವತ್ತೂ ಚಕ್ಕರ್ ಹೊಡೆದ. ಕಸದವಳು ಹೋಗಿಬಿಟ್ಟಳು. ಬ್ಯಾಂಕಿನವರು ಫೋನ್ ಮಾಡಿದ್ದರು. ಇನ್‌ಕಮ್ ಟ್ಯಾಕ್ಸಿನವರು ನೋಟಿಸ್ ಕಳಿಸಿದ್ದಾರೆ. ಮಗುವಿನ ತಲೆಯಲ್ಲಿ ಸೂತ್ರ ತಾನೇ ಸಿದ್ಧವಾಗುತ್ತದೆ: ನಮಗೆ ಏನಾದರೂ ತಂದುಕೊಡುವವರು ಏಕವಚನ, ನಮ್ಮಿಂದ ಕಿತ್ತುಕೊಳ್ಳುವವರು ಬಹುವಚನ. ಇದಕ್ಕೊಂದು ಅಪವಾದವೂ ಇದೆ. ರಾತ್ರಿ ಹನ್ನೊಂದಕ್ಕೆ ಕರೆಂಟು ಹೋದಾಗ ಲೈನ್‌ಮ್ಯಾನ್ 'ಅಣ್ಣಾ, ದಯವಿಟ್ಟು ಸ್ವಲ್ಪ ಬೇಗ ಬನ್ನಿ ಅಣ್ಣಾ' ಆಗುತ್ತಾರೆ. ಫ್ಯಾನು ತಿರುಗತೊಡಗಿದ ಮರುಕ್ಷಣ 'ಅಂತೂ ಬಂದ ನೋಡು ಪುಣ್ಯಾತ್ಮ'. ಮಗು ಇದನ್ನೂ ಬರೆದಿಟ್ಟುಕೊಳ್ಳುತ್ತದೆ.

ಮನೆಯೊಳಗಿನ ಪಾಠ ಇನ್ನೂ ಸೂಕ್ಷ್ಮ. ಹಳೇ ಮೈಸೂರು ಸೀಮೆಯ ಮಧ್ಯಮವರ್ಗದ ಎಷ್ಟೋ ಮನೆಗಳಲ್ಲಿ ಅಪ್ಪ ಬಂದರು, ಅಮ್ಮ ಬಂದಳು. ಅಮ್ಮ ಅಪ್ಪನಿಗೆ 'ರೀ, ಸ್ವಲ್ಪ ಕೇಳ್ತೀರಾ', ಅಪ್ಪ ಅಮ್ಮನಿಗೆ 'ಏ ಇವಳೇ'. ಅಮ್ಮನೂ ಕೆಲಸಕ್ಕೆ ಹೋಗಿ ಅಪ್ಪನಷ್ಟೇ ಸಂಬಳ ತರುತ್ತಿದ್ದರೂ ಈ ಖಾತೆಯಲ್ಲಿ ಬಡ್ತಿಯಿಲ್ಲ. ಕೇಳಿದರೆ, ಅಮ್ಮನಿಗೆ ಏಕವಚನ ಪ್ರೀತಿಯಿಂದ, ದೇವರನ್ನೇ 'ಕಾಪಾಡಪ್ಪಾ' ಅನ್ನುವುದಿಲ್ಲವೇ ಎಂಬ ಸಮಜಾಯಿಷಿ ಸಿದ್ಧವಿದೆ. ಒಪ್ಪಿದೆ. ಆದರೆ ಆ ಪ್ರೀತಿ ಅಪ್ಪನ ಆಫೀಸಿನ ಬಾಸ್ ಮೇಲೆ ಒಂದು ದಿನವಾದರೂ ಯಾಕೆ ಉಕ್ಕುವುದಿಲ್ಲ? ಉತ್ತರ ಕರ್ನಾಟಕದ ಕಡೆ ಈ ವಿಷಯದಲ್ಲಿ ಲೆಕ್ಕ ನೇರ. ಅಲ್ಲಿ ಅನೇಕ ಮನೆಗಳಲ್ಲಿ ಅವ್ವ ಬಂದಾಳ, ಅಪ್ಪನೂ ಬಂದಾನ. ಮನೆಯೊಳಗೆ ಉಳಿಸಿದ ಬಹುವಚನವನ್ನೆಲ್ಲ ಹೊಸ್ತಿಲು ದಾಟಿದ ಮೇಲೆ ಕಂಡಕಂಡವರಿಗೆ 'ಬರ್ರಿ, ಕುಂದರ್ರಿ, ಚಾ ಕುಡೀರಿ' ಅಂತ ಖರ್ಚು ಮಾಡುತ್ತಾರೆ.

ಇತ್ತೀಚೆಗೆ ನಗರದ ಪ್ರಜ್ಞಾವಂತ ಪೋಷಕರಿಗೆ ಎಚ್ಚರವಾಗಿದೆ. 'ಕೆಲಸದವಳು' ಅನ್ನುವುದು ಕೆಟ್ಟದ್ದು, ಮಕ್ಕಳ ಬಾಯಲ್ಲಿ ಬರಕೂಡದು, 'ಅಕ್ಕ' ಅನ್ನಿಸಬೇಕು ಎಂದು ಅವರು ತೀರ್ಮಾನಿಸಿದ್ದಾರೆ. ಡ್ರೈವರು 'ಅಣ್ಣ', ಇಲ್ಲವೇ 'ಭಯ್ಯಾ'. ದುಬಾರಿ ಶಾಲೆಗಳಲ್ಲೂ ಆಯಾಗಳೆಲ್ಲ ಈಗ ಅಕ್ಕಂದಿರು. ಸುಧಾರಣೆ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ನೋಡಬೇಕು. "ಅರ್ಜೆಂಟಾಗಿ ಒಬ್ಬ ಅಕ್ಕ ಬೇಕು. ಪಾತ್ರೆ, ಕಸ, ನೆಲ. ಬೆಳಗ್ಗೆ ಏಳಕ್ಕೆ ಬರಬೇಕು. ಹಳೇ ಅಕ್ಕ ಸಂಬಳ ಜಾಸ್ತಿ ಕೇಳಿದಳು, ಬಿಡಿಸಿದೆವು." ಕೆಳಗೆ ಇನ್ನೊಬ್ಬರ ಸಲಹೆ: "ನಮ್ಮ ಅಕ್ಕ ಖಾಲಿ ಇದ್ದಾಳೆ, ಕಳಿಸಲಾ? ಸ್ವಲ್ಪ ನಿಧಾನ, ಆದರೆ ಕೈ ಶುದ್ಧ." ಹೀಗೆ ಅಕ್ಕಂದಿರು ಫ್ಲ್ಯಾಟಿನಿಂದ ಫ್ಲ್ಯಾಟಿಗೆ ವರ್ಗಾವಣೆಯಾಗುತ್ತಾರೆ. ಅಕ್ಕನಿಗೆ ಕಾಫಿಗೆ ಬೇರೆ ಲೋಟ, ಅದನ್ನು ಇಡಲು ಸಿಂಕಿನ ಕೆಳಗೆ ಬೇರೆ ಜಾಗ. ಹೊರಡುವಾಗ ಗೇಟಿನಲ್ಲಿ ಅಕ್ಕನ ಬ್ಯಾಗು ಬಿಚ್ಚಿಸಿ ತಪಾಸಣೆ. ಒಡಹುಟ್ಟಿದ ಅಕ್ಕ ಗೌರಿಹಬ್ಬಕ್ಕೆ ಬಂದು ಬಾಗಿನ ತೆಗೆದುಕೊಂಡು ಹೋಗುವಾಗ ಬ್ಯಾಗು ತಪಾಸಣೆ ಮಾಡುವ ಪದ್ಧತಿ ಇನ್ನೂ ಬಂದಿಲ್ಲ. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಎಂದು ಕಾನೂನಾಗಿದೆಯಲ್ಲ, ಅದೂ ಬರಬಹುದು.

ಇದು ಪಟ್ಟಣದ ರೋಗ ಎಂದು ಹಳ್ಳಿಯ ದೊಡ್ಡಮನೆಗಳವರು ಮೀಸೆ ತಿರುವಬೇಕಿಲ್ಲ. ಈ ವಿದ್ಯೆಯ ಮೂಲ ಗುರುಕುಲ ಅಲ್ಲೇ ಇದ್ದದ್ದು. ಜಗಲಿಯ ಮೇಲೆ ಕೂತ ಆರು ವರ್ಷದ ಚಿಕ್ಕ ಯಜಮಾನರು ಎಪ್ಪತ್ತರ ಆಳನ್ನು ಹೆಸರು ಹಿಡಿದು 'ಬಾರ್ಲಾ ಇಲ್ಲಿ' ಅಂದರೆ ಮನೆಮಂದಿಗೆಲ್ಲ ಖುಷಿ, ಕೂಸು ಎಷ್ಟು ಚೂಟಿ ನೋಡಿ ಎಂದು. ಆ ಹೆಸರಾದರೂ ಪೂರ್ತಿ ಇರುತ್ತಿತ್ತೇ? ಹೆತ್ತವರು ಕರಿಯಪ್ಪ, ತಿಮ್ಮಯ್ಯ, ಕೆಂಚಮ್ಮ ಎಂದು ತುದಿಯಲ್ಲಿ ಅಪ್ಪ, ಅಯ್ಯ, ಅಮ್ಮ ಸೇರಿಸಿ ಮರ್ಯಾದೆಯನ್ನು ಮುಂಗಡವಾಗಿಯೇ ಕಟ್ಟಿಕೊಟ್ಟಿದ್ದರು. ಊರು ಆ ಮುಂಗಡವನ್ನು ಜಪ್ತಿ ಮಾಡಿಕೊಂಡು ಕರಿಯ, ತಿಮ್ಮ, ಕೆಂಚಿ ಎಂದು ವಾಪಸು ಕೊಟ್ಟಿತು. ಜಪ್ತಿಯಾದದ್ದನ್ನು ಬಿಡಿಸಿಕೊಳ್ಳುವ ದಾರಿಯೂ ಇದೆ ಅನ್ನಿ. ತಿಮ್ಮ ಒಂದು ಲಾರಿ ಕೊಂಡರೆ ತಿಮ್ಮಣ್ಣ. ಪಂಚಾಯ್ತಿ ಗೆದ್ದರೆ ತಿಮ್ಮಯ್ಯನವರು. ಕಲ್ಯಾಣಮಂಟಪ ಕಟ್ಟಿಸಿದರೆ ಫ್ಲೆಕ್ಸಿನಲ್ಲಿ ಸನ್ಮಾನ್ಯ ಶ್ರೀ ತಿಮ್ಮಯ್ಯನವರು, ಜೊತೆಗೆ ಕೈಮುಗಿದ ಫೋಟೊ. ದುಡ್ಡೇ ದೊಡ್ಡಪ್ಪ ಅನ್ನುವುದು ಗಾದೆಯಲ್ಲ, ಅದು ನಮ್ಮ ಸಂಬಂಧವಾಚಕಗಳ ಅಧಿಕೃತ ಪಟ್ಟಿ.

ಶಾಲೆ ಸುಮ್ಮನಿದೆಯೇ? ಇಲ್ಲ. ಪತ್ರಲೇಖನದ ಪಾಠದಲ್ಲಿ ಒಂದು ದಿನದ ರಜೆಗಾಗಿ ಮಕ್ಕಳಿಂದ 'ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂದು ಬರೆಸಿ, ಕೊನೆಗೆ 'ತಮ್ಮ ವಿಧೇಯ ವಿದ್ಯಾರ್ಥಿ' ಎಂದು ಸಹಿ ಹಾಕಿಸುತ್ತದೆ. ಜ್ವರ ಬಂದ ಹುಡುಗನಿಗೆ ಇಷ್ಟು ವಿಧೇಯತೆ ಎಲ್ಲಿಂದ ಬರಬೇಕು ಎಂದು ಯಾರೂ ಕೇಳುವುದಿಲ್ಲ. ಅದೇ ಹುಡುಗನ ಅಜ್ಜಿ ವಿಧವಾ ವೇತನ ನಿಂತಿದೆಯೆಂದು ತಾಲ್ಲೂಕು ಕಚೇರಿಗೆ ಹೋದರೆ, ಕಿಟಕಿಯಾಚೆಯಿಂದ ಬರುವ ಮಾತು: "ಏ ಅಜ್ಜಿ, ಸರ್ವರ್ ಇಲ್ಲ, ಸೋಮವಾರ ಬಾ." ಅಜ್ಜಿ ಆ ಮಗನ ವಯಸ್ಸಿನ ಗುಮಾಸ್ತನಿಗೆ ಕೈಮುಗಿದು "ಆಗಲಿ ಸ್ವಾಮಿ" ಎಂದು ಹೊರಡುತ್ತಾರೆ. ಇನ್ನು ಟ್ರಾಫಿಕ್ ಸಿಗ್ನಲ್ಲು ಇದೆಯಲ್ಲ, ಅದು ಬಯಲು ಪಾಠಶಾಲೆ. ಹಳೇ ಮೊಪೆಡ್ಡಿಗೆ 'ಏಯ್, ಸೈಡಿಗೆ ಹಾಕೋ'. ದೊಡ್ಡ ಕಾರಿನ ಗಾಜು ಇಳಿದರೆ 'ಸಾರ್, ಒಂಚೂರು ಡಾಕ್ಯುಮೆಂಟ್ಸ್'. ಕಾರಿನ ಹಿಂದಿನ ಸೀಟಿನಲ್ಲಿ ಕೂತ ಮಗು ಎರಡನ್ನೂ ಕೇಳಿಸಿಕೊಂಡಿರುತ್ತದೆ.

ಪತ್ರಿಕೆಯಲ್ಲಿ ಕನ್ನಡ ಓದಿಸಿ, ಭಾಷೆ ಸುಧಾರಿಸುತ್ತದೆ ಅನ್ನುತ್ತಾರೆ. ಓದಿಸಿದರೆ ಸರ ಕದ್ದವನು 'ಸಿಕ್ಕಿಬಿದ್ದ', ಬ್ಯಾಂಕಿಗೆ ಸಾವಿರಾರು ಕೋಟಿ ಬಾಕಿ ಉಳಿಸಿಕೊಂಡವರು 'ವಿದೇಶಕ್ಕೆ ತೆರಳಿದ್ದಾರೆ'. ಮಗು ಎಷ್ಟು ಕದಿಯಬೇಕು ಅನ್ನುವುದನ್ನೂ ಕಲಿತಂತಾಯಿತು.

ಇವೆಲ್ಲವನ್ನೂ ಒಟ್ಟಿಗೆ ಕಲಿಯಬೇಕೆಂದರೆ ರಾಜಕೀಯ ಸುದ್ದಿಯ ಮುಂದೆ ಕೂರಿಸಿ. 'ಏಕವಚನದಲ್ಲಿ ವಾಗ್ದಾಳಿ' ಅನ್ನುವುದು ನಮ್ಮ ಟಿವಿಗಳ ಖಾಯಂ ಧಾರಾವಾಹಿ. 2024ರ ಜನವರಿ ತಿಂಗಳೊಂದರಲ್ಲೇ ಎರಡು ಕಂತು ಬಂತು. ಆಗ ಸಂಸದರಾಗಿದ್ದ ಅನಂತಕುಮಾರ ಹೆಗಡೆಯವರು ಕುಮಟಾದಲ್ಲಿ ಮುಖ್ಯಮಂತ್ರಿಯನ್ನು ಏಕವಚನದಲ್ಲಿ ಝಾಡಿಸಿದರು, ಪೊಲೀಸ್ ಕೇಸಾಯಿತು. ತಿಂಗಳು ಮುಗಿಯುವುದರೊಳಗೆ ಅದೇ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಿತ್ರದುರ್ಗದ ಸಮಾವೇಶದಲ್ಲಿ ರಾಷ್ಟ್ರಪತಿಯವರನ್ನು ಏಕವಚನದಲ್ಲಿ ಕರೆದರು, ಗದ್ದಲವಾಯಿತು, ವಿಷಾದ ವ್ಯಕ್ತಪಡಿಸಿದರು. ಎರಡೂ ಸಲ ನಾಡಿನ ಮರ್ಯಾದಾ ಪ್ರಜ್ಞೆ ಧಿಗ್ಗನೆ ಎದ್ದು ಕುಳಿತಿತು, ಎರಡು ದಿನ ಚರ್ಚೆ ಮಾಡಿತು, ಮಲಗಿತು. ಚರ್ಚೆಗೆಂದು ಸ್ಟುಡಿಯೋಗೆ ಬಂದವರು ಮೇಕಪ್ಪಿನ ಹುಡುಗನನ್ನು, ಟೀ ತಂದವರನ್ನು ಯಾವ ವಚನದಲ್ಲಿ ಕರೆದರು ಎಂದು ಯಾರೂ ಕೇಸು ಹಾಕಲಿಲ್ಲ. ಏಕವಚನ ಮೇಲಕ್ಕೆ ಚಿಮ್ಮಿದರೆ ಮಾತ್ರ ಅಪರಾಧ, ಕೆಳಕ್ಕೆ ಹರಿದರೆ ಅದು ಗುರುತ್ವಾಕರ್ಷಣೆ.

ಪಕ್ಕದ ಕೇರಳದವರು ಈ ವಿಷಯದಲ್ಲಿ ಸ್ವಲ್ಪ ಅವಸರ ಮಾಡಿದರು. 2021ರಲ್ಲಿ ಅಲ್ಲಿಯ ಹೈಕೋರ್ಟು, ಪೊಲೀಸರು ಜನರನ್ನು 'ಎಡಾ', 'ಎಡೀ', 'ನೀ' (ನಮ್ಮ 'ಲೋ', 'ಲೇ', 'ನೀನು') ಎಂದು ಕರೆಯುವುದನ್ನು ನಿಲ್ಲಿಸಬೇಕೆಂದಿತು. ಅದೇ ವರ್ಷ ಪಾಲಕ್ಕಾಡ್ ಜಿಲ್ಲೆಯ ಮಾತೂರು ಗ್ರಾಮ ಪಂಚಾಯ್ತಿ, ಕಚೇರಿಗೆ ಬರುವ ಜನ ಸಿಬ್ಬಂದಿಯನ್ನು 'ಸಾರ್', 'ಮೇಡಂ' ಅನ್ನಬೇಕಿಲ್ಲ ಎಂದು ತೀರ್ಮಾನಿಸಿತು. ಅಂದರೆ ಕೆಳಗಿನವರನ್ನು ಒಂದಿಷ್ಟು ಎತ್ತಿದರು, ಮೇಲಿನವರನ್ನು ಒಂದಿಷ್ಟು ಇಳಿಸಿದರು. ನಮ್ಮಲ್ಲಿ ಇಂಥದ್ದು ಆಗಬೇಕಾದರೆ ಮೊದಲು ಒಂದು ಸಮಿತಿಯಾಗಬೇಕು. ಅದಕ್ಕೆ ಸನ್ಮಾನ್ಯರೊಬ್ಬರು ಅಧ್ಯಕ್ಷರಾಗಬೇಕು. ಅವರ ಕಾರಿಗೆ ಬಾಗಿಲು ತೆಗೆಯಲು ಒಬ್ಬ ಬೇಕು, ಆ ಒಬ್ಬನನ್ನು 'ಲೋ' ಎಂದು ಕರೆಯಲು ಇನ್ನೊಬ್ಬರು ಬೇಕು.

ಹಾಗೆಂದು ಕನ್ನಡನಾಡಿನಲ್ಲಿ ಜಾತಿ, ಸಂಬಳ, ಗಾಡಿ ಏನನ್ನೂ ನೋಡದೆ ಎಲ್ಲರಿಗೂ ಬಹುವಚನ ಕೊಡುವವರು ಇಲ್ಲವೇ ಇಲ್ಲ ಅನ್ನಲಾಗದು. ಯಂತ್ರಗಳಿವೆ. ಎಟಿಎಮ್ಮು ನೂರು ರೂಪಾಯಿ ತೆಗೆಯುವವರಿಗೂ 'ದಯವಿಟ್ಟು ನಿರೀಕ್ಷಿಸಿ' ಅನ್ನುತ್ತದೆ. ಮೆಟ್ರೋ ರೈಲು ಗಾರೆ ಕೆಲಸದವರಿಗೂ ಕಂಪನಿ ಮ್ಯಾನೇಜರಿಗೂ ಒಂದೇ ದನಿಯಲ್ಲಿ ಬಾಗಿಲಿನಿಂದ ದೂರ ನಿಲ್ಲಲು ವಿನಂತಿಸುತ್ತದೆ. ಚೀಟಿ ದುಡ್ಡು ಎತ್ತಿಕೊಂಡು ಪರಾರಿಯಾದವನ ನಂಬರಿಗೆ ಫೋನ್ ಮಾಡಿ ನೋಡಿ: ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಬಿಟ್ಟ ಬಾಯಿ ಬಿಟ್ಟ ಹಾಗೆ ಕೇಳಿಸಿಕೊಳ್ಳಬೇಕು, ಅಷ್ಟು ಮರ್ಯಾದೆ.

ಇದನ್ನು ಕಂಡೇ ಇರಬೇಕು, ನಮ್ಮ ಪರಿಚಿತರೊಬ್ಬರ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಲಿಫ್ಟುಗಳಿಗೂ ಕನ್ನಡದ ಧ್ವನಿ ಹಾಕಿಸೋಣ, ಮಕ್ಕಳು ಕೇಳಿ ಕೇಳಿ 'ಬನ್ನಿ', 'ನಿಲ್ಲಿ' ಕಲಿಯುತ್ತಾರೆ ಎಂಬ ಸಲಹೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಠರಾವು ಪಾಸಾಯಿತು. ಕೆಲಸದವರು, ಡೆಲಿವರಿ ಹುಡುಗರು ಓಡಾಡುವ ಸರ್ವಿಸ್ ಲಿಫ್ಟಿಗೆ ಮಾತ್ರ ಬೇಡ, ಅಲ್ಲಿ ಅದು ಸುಮ್ಮನೆ ದಂಡ ಎಂದು ಖಜಾಂಚಿಯವರು ಹೇಳಿದರು. ಅದಕ್ಕೂ ಯಾರದೂ ಆಕ್ಷೇಪ ಇರಲಿಲ್ಲ.