ರೊಟ್ಟಿ ಉಂಡವರ ಮೂಳೆಯೂ ಟೊಳ್ಳಾಗಬಹುದು: ಒಂದು ಸ್ಪಷ್ಟನೆ

‘ಜೋಳದ ರೊಟ್ಟಿ ಉಣ್ಣುವವರಿಗೆ ಮೂಳೆ ಟೊಳ್ಳಾಗುವುದಿಲ್ಲ, ನೋವಿಲ್ಲದಿದ್ದರೆ ಪರೀಕ್ಷೆಯೂ ಬೇಡ’ ಎಂಬ ಸಂದೇಶ ಹುಬ್ಬಳ್ಳಿ, ಗದಗ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಎರಡೂ ತಪ್ಪು. ಎರಡನೆಯದಂತೂ ಅಪಾಯಕಾರಿ.

ಮೂಳೆ ಟೊಳ್ಳಾಗುವ ಕಾಯಿಲೆಗೆ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಅದರಲ್ಲಿ ಮೂಳೆಯ ಸಾಂದ್ರತೆ ಕುಗ್ಗುವಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಬಳಿ ಮೂಳೆ ಮುರಿದಾಗಲೇ ಅನೇಕರಿಗೆ ವಿಷಯ ತಿಳಿಯುವುದು. ಮಂಡಿನೋವು ಹೆಚ್ಚಾಗಿ ಕೀಲಿನ ಸವೆತ. ಅದು ಬೇರೆಯೇ ಕಾಯಿಲೆ.

ಇನ್ನು ರೊಟ್ಟಿಯ ಮಾತು. ಜೋಳ ಒಳ್ಳೆಯ ಧಾನ್ಯ, ತಕರಾರಿಲ್ಲ. ಆದರೆ 100 ಗ್ರಾಂ ಜೋಳದಲ್ಲಿರುವ ಕ್ಯಾಲ್ಸಿಯಂ ಸುಮಾರು 25ರಿಂದ 30 ಮಿಲಿಗ್ರಾಂ ಮಾತ್ರ. ರಾಗಿಯಲ್ಲಿ 300ಕ್ಕೂ ಹೆಚ್ಚು. ವಯಸ್ಕರಿಗೆ ದಿನಕ್ಕೆ ಬೇಕಾಗುವುದು 1000 ಮಿಲಿಗ್ರಾಂ, ಮುಟ್ಟು ನಿಂತ ಮಹಿಳೆಯರಿಗೆ 1200. ರೊಟ್ಟಿಯ ಜೊತೆಗಿನ ಮೊಸರು, ಸೊಪ್ಪಿನ ಪಲ್ಯ, ಸಜ್ಜೆ ರೊಟ್ಟಿಗೆ ಹಚ್ಚುವ ಎಳ್ಳು ಈ ಲೆಕ್ಕದಲ್ಲಿ ರೊಟ್ಟಿಗಿಂತ ಮೇಲು. ಹೊಲದ ದುಡಿಮೆ ಮೂಳೆಗೆ ಬಲ ಕೊಡುತ್ತದೆ, ನಿಜ. ಆದರೆ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದು ಆಗುವ ನಷ್ಟವನ್ನು ಅದೊಂದೇ ತುಂಬಲಾರದು. ತಂಬಾಕು, ಮದ್ಯ, ದೀರ್ಘಕಾಲದ ಸ್ಟೀರಾಯ್ಡ್ ಮಾತ್ರೆಗಳೂ ಮೂಳೆಯನ್ನು ದುರ್ಬಲಗೊಳಿಸುತ್ತವೆ.

ಉಚಿತ ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಯಂತ್ರ ಸುಳಿವು ಕೊಡಬಹುದು, ತೀರ್ಪನ್ನಲ್ಲ. ಸಾಂದ್ರತೆ ಅಳೆಯಲು ಡೆಕ್ಸಾ ಸ್ಕ್ಯಾನ್ ಎಂಬ ಎಕ್ಸ್-ರೇ ಪರೀಕ್ಷೆ ಇದೆ. ಅದರ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಸಾಂದ್ರತೆ ಕಡಿಮೆ ಎಂದಷ್ಟೇ. 65 ದಾಟಿದ ಮಹಿಳೆಯರು, ಸಣ್ಣ ಪೆಟ್ಟಿಗೇ ಮೂಳೆ ಮುರಿದುಕೊಂಡವರು ಈ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು.