ಸ್ಪಷ್ಟನೆ: ಲೀಟರಿಗೆ ಒಂದು ವ್ಯಾಟ್ ಲೆಕ್ಕ ಹವಳಕ್ಕೆ ನಡೆಯಲ್ಲ

ದೊಡ್ಡ ರೀಫ್ ಟ್ಯಾಂಕಿಗೆ, ಅಂದರೆ ಹವಳ ಸಾಕುವ ಉಪ್ಪು ನೀರಿನ ಅಕ್ವೇರಿಯಂಗೆ, ಲೀಟರಿಗೆ ಒಂದು ವ್ಯಾಟ್ ಬೆಳಕು ಹಾಕಿದರೆ ಸಾಕು, ಅಳತೆ ಹೇಗಿದ್ದರೂ ಪರವಾಗಿಲ್ಲ ಅನ್ನುವ ಮಾತು ಮತ್ತೆ ಓಡಾಡುತ್ತಿದೆ. ಇದು ತಪ್ಪು. ಟ್ಯೂಬ್‌ಲೈಟ್ ಕಾಲದ ಅಂದಾಜು ಅದು.

ವ್ಯಾಟ್ ಅಂದರೆ ದೀಪ ಎಷ್ಟು ಕರೆಂಟ್ ತಿನ್ನುತ್ತದೆ ಅಂತ, ಅಷ್ಟೇ. ಹವಳದ ಮೈಯೊಳಗಿನ ಪುಟ್ಟ ಪಾಚಿಗೆ ಬೇಕಾದ ಬೆಳಕನ್ನು, ಅಂದರೆ 400ರಿಂದ 700 ನ್ಯಾನೋಮೀಟರ್ ನಡುವಿನದನ್ನು, ಪಾರ್ (PAR) ಮೀಟರಿನಲ್ಲಿ ಅಳೆಯಬೇಕು. ಮೆತ್ತನೆಯ ಹವಳಗಳಿಗೆ ಸುಮಾರು 50ರಿಂದ 150 ಪಾರ್ ಸಾಕು. ಅಕ್ರೋಪೋರಾದಂಥ ಗಟ್ಟಿ ಹವಳಗಳು 200ರಿಂದ 350 ಕೇಳುತ್ತವೆ. ಒಂದೇ ದೀಪದ ಕೆಳಗೆ ಮೇಲಿನ ಕಲ್ಲಿನ ಹತ್ತಿರ 300 ತೋರಿಸಿದ ಮೀಟರ್, ತಳದ ಮರಳಿಗೆ ಇಳಿಸಿದಾಗ 100ಕ್ಕೆ ಕುಸಿದರೆ ಆಶ್ಚರ್ಯ ಇಲ್ಲ.

ಈಗ ಟ್ಯಾಂಕಿನ ಅಳತೆ ನೋಡಿ. 180 ಸೆಂ.ಮೀ. ಉದ್ದ, 75 ಅಗಲ, 60 ಎತ್ತರ ಅಂದರೆ 810 ಲೀಟರ್. ಅಗಲ 60, ಎತ್ತರ 75 ಮಾಡಿ, ಆಗಲೂ 810 ಲೀಟರೇ. ವ್ಯಾಟ್ ಲೆಕ್ಕಕ್ಕೆ ಎರಡೂ ಒಂದೇ, ಅಲ್ವಾ? ಆದರೆ ಎರಡನೆಯದರಲ್ಲಿ ತಳಕ್ಕೆ ಬೆಳಕು ಮುಟ್ಟಿಸುವುದೇ ಕಷ್ಟ, ಬಿದ್ದ ಹವಳ ಎತ್ತಲು ಕಂಕುಳವರೆಗೆ ಕೈ ಮುಳುಗಿಸಬೇಕು. ನನ್ನ ಕೇಳಿದರೆ ಎತ್ತರ 60ಕ್ಕೇ ನಿಲ್ಲಿಸಿ, ಅಗಲ ಜಾಸ್ತಿ ಮಾಡಿ. ಅಂದ ಹಾಗೆ ಅದರಲ್ಲಿ ಉಪ್ಪು ನೀರೇ ಸುಮಾರು 830 ಕಿಲೋ, ಗಾಜು ಕಲ್ಲು ಬೇರೆ. ನೆಲ ತಡೆಯುತ್ತದಾ ಅಂತ ಮೊದಲೇ ಎಂಜಿನಿಯರ್ ಹತ್ತಿರ ಕೇಳಿ.

ಇಷ್ಟು ಓದಿ ಸುಮ್ನೆ ದೊಡ್ಡ ಎಲ್‌ಇಡಿ ತಂದು ಮೊದಲ ದಿನವೇ ಪೂರ್ತಿ ಏರಿಸಬೇಡಿ. ಹವಳ ಬಿಳಿಚಿಕೊಳ್ಳುತ್ತದೆ. ಅರ್ಧಕ್ಕಿಂತ ಕಮ್ಮಿಯಿಂದ ಶುರು ಮಾಡಿ, ವಾರಗಟ್ಟಲೆ ನಿಧಾನವಾಗಿ ಏರಿಸಿ.